ನಳಿಗೆಯೊಳಗಿನ ತಾಮ್ರ

ಅಮೋನಿಯಾ ವಾಸನೆಗೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಬಾಗಿಲ ಕಡೆ ಸರಿಯುತ್ತಾರೆ. ನನಗೆ ಮಾತ್ರ ಎದೆ ಹಗುರಾಗುತ್ತದೆ. ತಿರುಪ್ಪೂರಿನಲ್ಲಿ ನನ್ನ ಹೊಲಿಗೆ ಯೂನಿಟ್ಟಿಗೆ ಅಂಟಿಕೊಂಡೇ ಬನಿಯನ್ ಮೇಲೆ ಚಿತ್ರ ಅಚ್ಚೊತ್ತುವ ಶೆಡ್ ಒಂದಿದೆ. ಅಲ್ಲಿ ಬಣ್ಣಕ್ಕೆ ಅಮೋನಿಯಾ ಬೆರೆಸುವ ಹೊತ್ತಿಗೆ ಗಾಳಿ ನಮ್ಮ ಕಡೆ ತಿರುಗಿದರೆ ನಮ್ಮ ಟೈಲರುಗಳೆಲ್ಲ ಶಾಪ ಹಾಕುತ್ತಾ ಕಿಟಕಿ ಮುಚ್ಚುತ್ತಾರೆ. ನಾನು ಆ ಕಿಟಕಿಯ ಸಂದಿಗೆ ಹೋಗಿ ನಿಲ್ಲುತ್ತೇನೆ. ಮೇಡಂಗೆ ತಲೆ ಕೆಟ್ಟಿದೆ ಎಂದು ಅವರು ಹಿಂದಿಯಲ್ಲಿ, ಒಡಿಯಾದಲ್ಲಿ, ತಮಿಳಿನಲ್ಲಿ ಆಡಿಕೊಳ್ಳುವುದು ನನಗೆ ಗೊತ್ತು. ಆಡಿಕೊಳ್ಳಲಿ. ಆ ವಾಸನೆ ಬಂದರೆ ಅನ್ನೂರಿನ ಹತ್ತಿರದ ನಮ್ಮ ಮನೆಯ ಹಿತ್ತಲು ಕಣ್ಣಮುಂದೆ ನಿಲ್ಲುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹರಡಿದ ನೀಲಿ ಚಿಂದಿಗಳು, ಅವುಗಳ ಎದುರು ಕುಕ್ಕರುಗಾಲಲ್ಲಿ ಕೂತ ಅಪ್ಪ. ನಮ್ಮ ಮನೆ ಮತ್ತೆ ಉಸಿರಾಡಲು ಶುರು ಮಾಡಿದ್ದು ಆ ಭಾನುವಾರ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ನನಗೇ ಸೋಜಿಗ. ನಮ್ಮ ಮನೆಯಲ್ಲಿ ಕನ್ನಡ ಧಾರಾಳವಾಗಿತ್ತು, ಅಕ್ಷರ ಮಾತ್ರ ಇರಲಿಲ್ಲ. ಬೈಯುವುದು, ಕೊಸರಾಡುವುದು, ಚೌಡಮ್ಮನಿಗೆ ಹರಕೆ ಹೊರುವುದು ಕನ್ನಡದಲ್ಲಿ. ಶಾಲೆ, ಅಂಗಡಿ, ಬಸ್ಸು ತಮಿಳಿನಲ್ಲಿ. ಹಾವೇರಿ ಕಡೆಯಿಂದ ನನ್ನ ಯೂನಿಟ್ಟಿಗೆ ಕೆಲಸಕ್ಕೆ ಬಂದ ಹುಡುಗಿಯೊಬ್ಬಳು ಟೀ ಹೊತ್ತಿನಲ್ಲಿ ಕಟಿಂಗ್ ಟೇಬಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರೆದು ನನಗೆ ಅಕ್ಷರ ಕಲಿಸಿದಳು. ಆಗಲೇ ನನ್ನ ಕೂದಲು ಅರ್ಧ ನೆರೆತಿತ್ತು. ನನ್ನ ಮಾತು ಕೇಳಿ ಅವಳು ನಗುತ್ತಿದ್ದಳು, ಅವಳ ಮಾತು ಕೇಳಿ ನಾನು ನಗುತ್ತಿದ್ದೆ. ಹಾಗೆ ಕಲಿತ ಅಕ್ಷರದಲ್ಲಿ ಮೊದಲು ಬರೆಯಬೇಕು ಅನ್ನಿಸಿದ್ದು ಆ ಮನೆಯನ್ನು.

ಮನೆ ಎಂದರೆ ಮಗ್ಗ. ನಡುಮನೆಯ ಮುಕ್ಕಾಲು ಪಾಲು ಕುಳಿಮಗ್ಗವೇ ನುಂಗಿಕೊಂಡಿತ್ತು. ಬಂದವರು ಅದನ್ನು ಸುತ್ತು ಹಾಕಿಕೊಂಡೇ ಒಳಗೆ ಬರಬೇಕು. ಅಮ್ಮ ಆ ಕುಳಿಯಲ್ಲಿ ಕಾಲು ಇಳಿಬಿಟ್ಟು ಬೆಳಗಿನಿಂದ ಸಂಜೆಯವರೆಗೆ ಸೀರೆ ನೇಯುತ್ತಿದ್ದಳು. ಚಿಕ್ಕಂದಿನಲ್ಲಿ ಅಮ್ಮ ಎಂದರೆ ನನಗೆ ಸೊಂಟದ ಮೇಲಿನ ಭಾಗ ಮಾತ್ರ. ಊಟಕ್ಕೆ ಅವಳು ಎದ್ದು ನಿಂತಾಗ ಇಷ್ಟು ಉದ್ದ ಇದ್ದಾಳಲ್ಲ ಎಂದು ಬೆರಗಾಗುತ್ತಿದ್ದೆ. ಮಗ್ಗದ ಆಚೆ ಅಡುಗೆಮನೆ, ಅದು ಅವ್ವನ ರಾಜ್ಯ. ಅವ್ವ ಎಂದರೆ ಅಪ್ಪನ ತಾಯಿ. ಅವಳಷ್ಟು ಉಜ್ಜುವ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ. ತಾಮ್ರದ ಹಂಡೆ, ಚೊಂಬು, ಬಾಗಿಲ ಚಿಲಕ, ನನ್ನ ಮೊಣಕೈ, ಯಾವುದನ್ನೂ ಬಿಟ್ಟವಳಲ್ಲ. ಬಟ್ಟೆಯ ಮೇಲೆ ಸಾಸಿವೆಯಷ್ಟು ಕಲೆ ಬಿದ್ದರೂ ಆ ಕ್ಷಣವೇ ಕಿತ್ತುಕೊಂಡು ನೆನೆಹಾಕುತ್ತಿದ್ದಳು. ಅವಳ ಲೋಕಜ್ಞಾನವೆಲ್ಲ ಒಂದೇ ಮಾತಿನಲ್ಲಿ ಅಡಗಿತ್ತು.

"ಕಬ್ಬಿಣಕ್ಕೆ ಎಣ್ಣೆ, ತಾಮ್ರಕ್ಕೆ ಹುಣಸೆ, ಗಂಡಸಿಗೆ ಬೈಗುಳ. ಇಲ್ಲಾಂದ್ರೆ ಮೂರೂ ಕಿಲುಬು ಹಿಡೀತವೆ."

ಆ ಮನೆಯಲ್ಲಿ ಮಗ್ಗಕ್ಕೆ ಸಂಬಂಧವಿಲ್ಲದ ವಸ್ತು ಒಂದೇ ಒಂದು. ಅದು ಅಪ್ಪನ ರೈಫಲ್. ಅಪ್ಪ ಸೈನ್ಯದಿಂದ ನಿವೃತ್ತನಾಗಿ ಬಂದ ಮೇಲೆ ಲೈಸೆನ್ಸ್ ಮಾಡಿಸಿ, ವಾಲ್ಪಾರೈ ಕಡೆಯ ತೋಟದವರೊಬ್ಬರು ವರ್ಷಗಟ್ಟಲೆ ಹಂದಿ ಓಡಿಸಲು ಇಟ್ಟುಕೊಂಡಿದ್ದ ಹಳೆಯ ರೈಫಲ್ಲನ್ನು ಕೊಂಡಿದ್ದ. ಸ್ವಂತ ಕೋವಿ ಇದ್ದ ಮಾಜಿ ಸೈನಿಕನಿಗೆ ಕಾವಲು ಕೆಲಸ ಸುಲಭವಾಗಿ ಸಿಗುತ್ತಿತ್ತು. ಮದುಕ್ಕರೈ ಕಡೆಯ ಸುಣ್ಣಕಲ್ಲಿನ ಕ್ವಾರಿಯಲ್ಲಿ ಬಂಡೆ ಸಿಡಿಸುವ ಮದ್ದು ಇಡುವ ಕಟ್ಟಡ ಒಂದಿತ್ತು. ಅದರ ಮುಂದೆ ಕೋವಿ ಹಿಡಿದು ನಿಲ್ಲುವುದು ಅವನ ಕೆಲಸ. ಎರಡು ಬಸ್ಸು ಬದಲಿಸಿ ಹೋಗುತ್ತಿದ್ದ, ಎರಡು ಬಸ್ಸು ಬದಲಿಸಿ ಬರುತ್ತಿದ್ದ. ಸುಣ್ಣಕಲ್ಲಿನ ಬಿಳಿ ಧೂಳು ಅವನ ಹುಬ್ಬಿನಲ್ಲಿ ಇರುತ್ತಿತ್ತು. ಬಂದೊಡನೆ ರೈಫಲ್ಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಗುಂಡುಗಳನ್ನು ಅಮ್ಮನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟು, ಕೈ ತೊಳೆದು, ಎಳೆಯ ಮಗುವಾಗಿದ್ದ ನನ್ನ ತಮ್ಮನನ್ನು ಎತ್ತಿ ಮೇಲಕ್ಕೆಸೆದು ಹಿಡಿಯುತ್ತಿದ್ದ. ಅವ್ವ ಬೈಯುವವರೆಗೆ ಎಸೆಯುತ್ತಿದ್ದ.

ಭಾನುವಾರ ಬೆಳಗ್ಗೆ ಕೋವಿ ಶುದ್ಧಿ. ಚಾಪೆ ಹಾಸಿ, ಬಿಳಿ ಬಟ್ಟೆಯ ಮೇಲೆ ಹಿಂಭಾಗದ ಬೋಲ್ಟನ್ನು ಬಿಚ್ಚಿಟ್ಟು, ತುದಿಯಲ್ಲಿ ಹಿತ್ತಾಳೆ ತೂಕ ಕಟ್ಟಿದ ಹುರಿಯನ್ನು ನಳಿಗೆಯೊಳಗೆ ಇಳಿಬಿಟ್ಟು, ನಾಲ್ಕು ಬೆರಳಗಲದ ಬಟ್ಟೆಚೂರು ಸಿಕ್ಕಿಸಿ ಒಂದೇ ಉಸಿರಿಗೆ ಎಳೆಯುತ್ತಿದ್ದ. ಬಟ್ಟೆಚೂರು ತರುವವನು ಅಮ್ಮನ ತಮ್ಮ, ನನ್ನ ಸೋದರಮಾವ. ಅವನು ತಿರುಪ್ಪೂರಿನಲ್ಲಿ ಬನಿಯನ್ ಅಚ್ಚಿನ ಕೆಲಸದಲ್ಲಿದ್ದ. ಭಾನುವಾರ ಬರುವಾಗ ಕಟಿಂಗ್ ವೇಸ್ಟಿನ ಗಂಟು ಹೊತ್ತೇ ಬರುತ್ತಿದ್ದ. ಎಳೆದು ಎಣ್ಣೆ ಹಾಕಿದ ಮೇಲೆ ನಳಿಗೆಯೊಳಗೆ ನೋಡಿ ತೀರ್ಪು ಕೊಡುವ ಅಧಿಕಾರ ನನ್ನದು. ಅಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನನ್ನ ಕಣ್ಣಿಗೆ ತಾಗಿಸಿ, ಮುದ್ದಿಗೆ ಅಮ್ಮಿಣಿ ಎಂದು ಕರೆದು ಕೇಳುತ್ತಿದ್ದ.

"ಏನ್ ಕಾಣ್ತದೆ ಅಮ್ಮಿಣಿ?"

"ಬೆಳ್ಳಿ ಸುರುಳಿ."

"ಹಂಗಾದ್ರೆ ಸರಿ."

ಬೆಳ್ಳಿ ಸುರುಳಿ ಎಂದು ಹೇಳಿದರೆ ಅವನಿಗೆ ಖುಷಿಯಾಗುತ್ತದೆ ಎಂದು ತಿಳಿದಿದ್ದರಿಂದ ಪ್ರತಿ ವಾರವೂ ಅದನ್ನೇ ಹೇಳುತ್ತಿದ್ದೆ. ಗುಂಡು ತಿರುಗುತ್ತ ನೆಟ್ಟಗೆ ಹೋಗಲೆಂದು ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೆರೆ ಕೊರೆದಿರುತ್ತಾರೆ, ಎಣ್ಣೆ ಬಳಿದರೆ ಅಲ್ಲಿ ಎಲ್ಲವೂ ಹೊಳೆಯುತ್ತದೆ. ಅಪ್ಪನೂ ಅಷ್ಟನ್ನೇ ನೋಡುತ್ತಿದ್ದ. ಸೈನ್ಯದಲ್ಲಿ ಅವನಿಗೆ ಎಳೆ, ಒರೆಸು, ಎಣ್ಣೆ ಹಾಕು ಎಂದು ಕಲಿಸಿದ್ದರು. ಅದಕ್ಕಿಂತ ಹೆಚ್ಚಿನದೇನಾದರೂ ಇದ್ದರೆ ರಿಪೇರಿ ವಿಭಾಗದವರು ಕೋವಿ ತೆಗೆದುಕೊಂಡು ಹೋಗಿ ಸರಿಮಾಡಿ ತಂದುಕೊಡುತ್ತಿದ್ದರಂತೆ.

ಈಗ ತಾತನ ವಿಷಯ ಹೇಳಬೇಕು. ನಾನು ಹುಟ್ಟುವ ಮೊದಲೇ ಹೋದ ಆ ತಾತನ ಕೈಗಳು ಮಾತ್ರ ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದವು, ಮಾತಿನಲ್ಲಿ. ಆ ಮಗ್ಗ ಅವನದೇ. ನಡುವಯಸ್ಸಿನಲ್ಲಿ ಅವನ ಕೈಗೆ ನಡುಕ ಬಂತು. ಮೊದಲು ಲಾಳಿ ಜಾರಿತು, ಆಮೇಲೆ ಕಾಫಿ ಲೋಟ, ಆಮೇಲೆ ತುತ್ತು. ಕಡೆಕಡೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದನಂತೆ, ಬೀದಿಯವರಿಗೆ ಕಾಣಬಾರದೆಂದು. ಅವ್ವ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಅಪ್ಪ ಇದನ್ನೆಲ್ಲ ನೋಡುತ್ತ ಬೆಳೆದವನು. ಮಗ್ಗ ಬಿಟ್ಟು ಸೈನ್ಯಕ್ಕೆ ಓಡಿದ್ದು ಅದಕ್ಕೇ ಎಂದು ಅಮ್ಮ ಹೇಳುತ್ತಿದ್ದಳು, ಅವನಿಲ್ಲದಾಗ.

ವರ್ಷಕ್ಕೊಮ್ಮೆ ಕ್ವಾರಿಯ ಕಾವಲುಗಾರರು ಗುರಿ ತೋರಿಸಬೇಕಿತ್ತು. ಮಣ್ಣಿನ ದಿಬ್ಬಕ್ಕೆ ಕಾಗದ ಅಂಟಿಸಿದ ಹಲಗೆ ಒರಗಿಸಿ ತಲಾ ಐದು ಗುಂಡು ಹಾರಿಸಬೇಕು. ಕಾವಲು ಪಡೆಯ ಮೇಲಧಿಕಾರಿ ಒಬ್ಬ ಮುದಿ ಸುಬೇದಾರ. ಮಾತು ಕಡಿಮೆ, ಮೀಸೆ ಹೆಚ್ಚು. ಅಪ್ಪ ಪ್ರತಿ ವರ್ಷ ಐದನ್ನೂ ಒತ್ತೊತ್ತಾಗಿ ಹೊಡೆದು ಬರುತ್ತಿದ್ದ. ಆ ವರ್ಷ ಒಂದು ಗುಂಡು ಎಡಕ್ಕೆ, ಒಂದು ಮೇಲಕ್ಕೆ, ಒಂದು ಹಲಗೆಯ ಅಂಚಿಗೆ, ಉಳಿದೆರಡು ಹಲಗೆಗೇ ತಾಗಲಿಲ್ಲ. ಅಲ್ಲಿ ನಡೆದದ್ದನ್ನು ಅಪ್ಪ ನನಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ. ಸುಬೇದಾರ ಕೋವಿಯನ್ನು ನೋಡಲಿಲ್ಲವಂತೆ. ಅಪ್ಪನನ್ನೇ ನೋಡಿ, ಕೈ ಚಾಚು ಎಂದನಂತೆ. ಅಪ್ಪ ಎಲ್ಲರೆದುರು ಎರಡೂ ಕೈ ಚಾಚಿ ನಿಂತ. ಸುಬೇದಾರ ಆ ಕೈಗಳನ್ನೇ ನೋಡಿ, ಸದ್ಯಕ್ಕೆ ರೈಫಲ್ ಮನೆಯಲ್ಲಿಡು, ಲಾಠಿ ಹಿಡಿದು ಗೇಟಿನಲ್ಲಿ ನಿಲ್ಲು, ಮುಂದಿನ ತಿಂಗಳು ಇನ್ನೊಂದು ಸಲ ನೋಡೋಣ ಎಂದ. ಕೆಟ್ಟವನಲ್ಲ ಆತ. ಆದರೆ ಆ ನೋಟ ಅಪ್ಪನಿಗೆ ಸಾಕಾಯಿತು.

ಅಂದಿನಿಂದ ಮನೆಯಲ್ಲಿ ಏನೋ ಬದಲಾಯಿತು. ಅಪ್ಪ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದ. ಗಡ್ಡ ತಾನೇ ಬೋಳಿಸಿಕೊಳ್ಳುವವನು ಅನ್ನೂರಿಗೆ ಹೋಗಿ ಸಲೂನಿನಲ್ಲಿ ಕೂತು ಬರತೊಡಗಿದ. ಒಂದು ಸಂಜೆ ಹಿತ್ತಲಲ್ಲಿ ಅವನು ಬಲಗೈಯನ್ನು ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ ಕೈಯ ಹಿಂಬದಿಯ ಮೇಲೆ ಒಂದು ಪೋಸ್ಟ್‌ಕಾರ್ಡ್ ಇಟ್ಟುಕೊಂಡು ಅದರ ಅಂಚನ್ನೇ ದಿಟ್ಟಿಸುತ್ತ ನಿಂತಿದ್ದನ್ನು ಕಂಡೆ. ನೋಡುತ್ತಾ ನಿಂತರೆ ಯಾರ ಕೈಯಾದರೂ ನಡುಗುತ್ತದೆ, ಅದು ಈಗ ನನಗೆ ಗೊತ್ತು. ಅವನಿಗೆ ಆಗ ಗೊತ್ತಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ತಮ್ಮನ ವಿಷಯ. ಅಪ್ಪ ಬಂದ ಸದ್ದು ಕೇಳಿದರೆ ಮಗು ಕೈಕಾಲು ಬಡಿದು ತೊಟ್ಟಿಲು ಅಲ್ಲಾಡಿಸುತ್ತಿತ್ತು. ಅಪ್ಪ ಹತ್ತಿರ ಹೋಗಿ ಬಾಗಿ ನೋಡುತ್ತಿದ್ದ, ಮುಟ್ಟುತ್ತಿರಲಿಲ್ಲ.

"ಎತ್ಕೊಳ್ಳಿ, ಕಾದ್ಕೊಂಡು ಮಲಗೈತೆ," ಎಂದು ಅಮ್ಮ ಮಗ್ಗದಿಂದಲೇ ಹೇಳುತ್ತಿದ್ದಳು.

"ಕೈಲಿ ಎಣ್ಣೆ ಐತೆ," ಎನ್ನುತ್ತಿದ್ದ ಅಪ್ಪ.

ಬೀರುವಿನಿಂದ ಹೊರಗೇ ಬರದ ಕೋವಿಯ ಎಣ್ಣೆ ಕೈಗೆ ಹೇಗೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಅವ್ವ ಆಗ ಅಡುಗೆಮನೆಯ ಬಾಗಿಲಲ್ಲಿ ಏನನ್ನಾದರೂ ಉಜ್ಜುತ್ತ ಕೂತಿರುತ್ತಿದ್ದಳು. ಅಪ್ಪ ಉಣ್ಣುವಾಗ ಅವಳ ಕಣ್ಣು ಅವನ ತುತ್ತಿನ ಜೊತೆಗೇ ತಟ್ಟೆಯಿಂದ ಬಾಯಿಗೆ ಹೋಗಿ ಮರಳುತ್ತಿತ್ತು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ, ಹೇಳಬೇಕಾಗಿರಲಿಲ್ಲ.

ಗುಟ್ಟು ಒಡೆದದ್ದು ಅಮ್ಮನಿಂದ. ಒಂದು ಭಾನುವಾರ ಅಪ್ಪ ಅಭ್ಯಾಸ ಬಿಡಲಾರದೆ ಕೋವಿ ತೆಗೆದು ಎಳೆದು ಒರೆಸಿ ಎಣ್ಣೆ ಹಾಕುವ ಮೊದಲು ಗೋಡೆಗೆ ಒರಗಿಸಿದ್ದ. ಹನ್ನೊಂದು ಗಂಟೆಯ ಬಿಸಿಲು ಹಂಚಿನ ಗಾಜಿನಿಂದ ಇಳಿದು ನೇರ ನಳಿಗೆಯ ಬಾಯಿಗೆ ಬಿದ್ದಿತ್ತು. ಅಮ್ಮ ಕಂಡಿಕೆಗೆ ನೂಲು ಸುತ್ತುತ್ತ ಪಕ್ಕದಲ್ಲೇ ಕೂತಿದ್ದವಳು ಬಾಗಿ ಓರೆಯಾಗಿ ಒಳಗೆ ನೋಡಿದಳು. ಅವಳು ಸೀರೆಯ ಅಂಚಿಗೆ ಸರಿಗೆ ಹಾಕಿ ನೇಯುವವಳು. ಬೆಳ್ಳಿಯ ಮೆರುಗು ಸವೆದ ಕಳಪೆ ಸರಿಗೆಯಲ್ಲಿ ಒಳಗಿನ ತಾಮ್ರ ಹೇಗೆ ಕೆಂಪಗೆ ಇಣುಕುತ್ತದೆ ಎಂದು ಉಗುರಿನಲ್ಲಿ ಕೆರೆದೇ ಹೇಳುವವಳು. ಅವಳು ತಲೆ ಎತ್ತಿದಾಗ ಮುಖ ಬೇರೆಯಾಗಿತ್ತು.

"ಇದು ಬೆಳ್ಳಿ ಅಲ್ಲ. ಒಳ್ಗೆ ಗೀಟು ಗೀಟಾಗಿ ತಾಮ್ರ ಕೂತೈತೆ."

"ತುಪಾಕಿ ನಳಿಗೆ ಉಕ್ಕು. ತಾಮ್ರ ಎಲ್ಲಿಂದ ಬತ್ತದೆ," ಎಂದ ಅಪ್ಪ.

ಅಮ್ಮ ಎದ್ದು ಟ್ರಂಕಿನಿಂದ ಒಂದು ಗುಂಡು ತಂದು ಅವನ ಮುಂದೆ ಹಿಡಿದಳು. ಗುಂಡಿನ ಮೂತಿಗೆ ಕೆಂಪು ಲೋಹದ ಕವಚವಿತ್ತು.

"ಇದೇನು, ಚಿನ್ನವಾ? ಹೊಡೆದಾಗೆಲ್ಲ ಇದು ಒಳ್ಗೆ ಉಜ್ಕೊಂಡು ಹೋಯ್ತದಲ್ಲ. ತೋಟದೋರು ಅಷ್ಟು ವರ್ಷ ಹೊಡೆದ್ರು, ನೀವೂ ಹೊಡೆದ್ರಿ. ಉಜ್ಜಿದ್ದೆಲ್ಲ ಎಲ್ಲಿ ಹೋಗ್ತದೆ? ದಾರಿ ತುಂಬಾ ಗಡ್ಡೆ ಕಟ್ಟಿದ್ರೆ ಗುಂಡು ನೆಟ್ಗೆ ಹೋಗ್ತದಾ?"

ಅಪ್ಪ ಗುಂಡನ್ನು ತೆಗೆದುಕೊಂಡು ಮುಷ್ಟಿಯಲ್ಲಿ ಮುಚ್ಚಿದ. ನಂಬಬೇಕೆಂಬ ಆಸೆ ಎಷ್ಟಿತ್ತೋ ನಂಬಲು ಹೆದರಿಕೆಯೂ ಅಷ್ಟೇ ಇತ್ತು ಎಂದು ಈಗ ಅನ್ನಿಸುತ್ತದೆ. ಆಮೇಲೆ ಅವನು ಹೇಳಿದ ಮಾತು ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುವಂಥದೇ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ಕೈ ಕೆಟ್ರೆ ತುಪಾಕಿ ಮೇಲೆ ಹಾಕೋ ಆಳಲ್ಲ ನಾನು."

ಕೈ ಕೆಟ್ಟಿದೆ ಎಂಬ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಡುಗೆಮನೆಯಲ್ಲಿ ಉಜ್ಜುವ ಸದ್ದು ನಿಂತಿತು. ಅಮ್ಮ ಮತ್ತೆ ಕೂತು ನೂಲಿನ ತುದಿ ಹುಡುಕಿಕೊಂಡಳು.

"ಒಂದೊಂದು ದಪ ನೆಲಾನೂ ಡೊಂಕಾಗಿರ್ತದೆ," ಎಂದಳು.

ಆ ಮಧ್ಯಾಹ್ನ ಸೋದರಮಾವ ಬಂದಾಗ ಅಮ್ಮ ಅವನನ್ನು ಹಿತ್ತಲಿಗೆ ಕರೆದು ವಿಷಯ ಹೇಳಿದಳು. ಅವನು ಬಣ್ಣದ ನಡುವೆ ಬದುಕುವವನು. ಅವರ ಶೆಡ್ಡಿನಲ್ಲಿ ಅಮೋನಿಯಾ ಡಬ್ಬಿಯೊಳಗೆ ಯಾರೋ ತಾಮ್ರದ ತಂತಿ ಬೀಳಿಸಿದ್ದಾಗ ಆ ನೀರೆಲ್ಲ ನೀಲಿಯಾದದ್ದು ಅವನಿಗೆ ನೆನಪಿತ್ತು. ಅದು ತಾಮ್ರವನ್ನು ತಿನ್ನುತ್ತದೆ ಅಕ್ಕ, ಉಕ್ಕಿನ ತಂಟೆಗೆ ಹೋಗುವುದಿಲ್ಲ, ಶೆಡ್ಡಿನಲ್ಲಿ ವಿಚಾರಿಸಿ ಮುಂದಿನ ಭಾನುವಾರ ತರುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದು ಹೇಳಿ ಹೋದ. ಅಪ್ಪ ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಅಮ್ಮನೂ ಮಾವನೂ ಮಾತಾಡುವಾಗ ಅವ್ವ ಬಾವಿಕಟ್ಟೆಯ ಹತ್ತಿರ ಹಂಡೆ ತೊಳೆಯುತ್ತಿದ್ದಳು. ತಾಮ್ರ ಎಂಬ ಮಾತು ಅವಳ ಕಿವಿಗೆ ಬಿತ್ತು, ಭಾನುವಾರ ಎಂಬ ಮಾತು ಬೀಳಲಿಲ್ಲ. ಬಿದ್ದಿದ್ದರೂ ಅವಳು ಕಾಯುತ್ತಿದ್ದಳೆಂದು ನನಗೆ ನಂಬಿಕೆಯಿಲ್ಲ.

ಆ ವಾರದ ನಡುವೆ ಒಂದು ದಿನ ಶಾಲೆಯಿಂದ ಬಂದೆ. ಅಮ್ಮ ನೇಯ್ದ ಸೀರೆ ಕೊಟ್ಟು ಬರಲು ಹೋಗಿದ್ದಳು. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಾಮ್ರದ ಹಂಡೆ, ಚೊಂಬು, ದೇವರ ಕಳಶಗಳನ್ನು ಅವ್ವ ಬೆಳಗಿ ಒಣಗಲು ಬೋರಲು ಹಾಕಿದ್ದಳು. ಅವುಗಳ ಸಾಲಿನಲ್ಲಿಯೇ ಬೋರಲಾಗಿ, ಬಾಯಿ ಕೆಳಗಾಗಿ, ಅಪ್ಪನ ರೈಫಲ್ ನಿಂತಿತ್ತು. ಅದರ ಬಾಯಿಂದ ಕಂದು ಬಣ್ಣದ ಹುಳಿನೀರು ತೊಟ್ಟಿಕ್ಕುತ್ತಿತ್ತು. ಬೀರುವಿನ ಬೀಗದಕೈ ದೇವರ ಗೂಡಿನಲ್ಲಿರುವುದು ಅವ್ವನಿಗೆ ತಿಳಿದದ್ದೇ. ಹುಣಸೆಹಣ್ಣು ನೆನೆಸಿ, ಕಲ್ಲುಪ್ಪು ಬೆರೆಸಿ, ನಳಿಗೆಗೆ ಹೊಯ್ದು, ಅಪ್ಪನ ಹುರಿಗೆ ತೆಂಗಿನ ನಾರು ಕಟ್ಟಿ ಮಧ್ಯಾಹ್ನವೆಲ್ಲ ಎಳೆದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಖ ಬೆವರಿ, ಗೆದ್ದವಳ ಹಾಗೆ ಕೂತಿದ್ದಳು.

"ಬಾ ಸಾಮಿ, ನೋಡು. ಹೆಂಗ್ ಮಿನುಗ್ತೈತೆ ನೋಡು."

ನೋಡಿದೆ. ಅಷ್ಟು ವರ್ಷ ಬೆಳ್ಳಿ ಎಂದು ನಾನು ಸಾಕ್ಷಿ ಹೇಳಿದ ಸುರುಳಿಯ ಮೇಲೆ ಉದ್ದಕ್ಕೂ ಕೆಂಪು ಪಟ್ಟೆಗಳು ಆಗತಾನೆ ಬೆಳಗಿದ ಹಂಡೆಯಂತೆ ಹೊಳೆಯುತ್ತಿದ್ದವು. ಹುಣಸೆಹಣ್ಣು ತಾಮ್ರವನ್ನು ತೆಗೆಯುವುದಿಲ್ಲ, ಬೆಳಗುತ್ತದೆ. ಅಷ್ಟೇ ಅವ್ವನ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಬೆಳಗಿದ್ದೆಲ್ಲ ಶುದ್ಧವಾದಂತೆ ಎಂದೇ ಅವಳು ಬದುಕಿದ್ದು. ಅಷ್ಟರಲ್ಲಿ ಅಮ್ಮ ಬಂದಳು, ನೋಡಿದಳು, ಹಣೆಗೆ ಕೈ ಹೊಡೆದುಕೊಂಡಳು.

"ಉಪ್ಪು ಹುಳಿ ಹಾಕಿ ಸಾರು ಮಾಡ್ತೀರಾ ಅತ್ತೆ? ಉಕ್ಕು ತುಕ್ಕು ಹಿಡಿಯಲ್ವಾ? ಅವ್ರು ಬಂದ್ರೆ ಏನ್ ಹೇಳ್ತೀರಿ?"

"ಮಗ ಹುಷಾರಾಗ್ತಾನೆ ಅಂತ ಹೇಳ್ತೀನಿ," ಎಂದಳು ಅವ್ವ.

ಅಮ್ಮ ಒಲೆ ಹೊತ್ತಿಸಿ ನೀರು ಕುದಿಸಿದಳು. ಕುದಿಯುವ ನೀರನ್ನು ನಳಿಗೆಯಲ್ಲಿ ಹೊಯ್ದು ಹೊಯ್ದು ಹುಳಿಯನ್ನೆಲ್ಲ ತೊಳೆದು ಹೊರಹಾಕಿದೆವು. ಬಿಸಿಗೆ ನಳಿಗೆ ತಾನಾಗಿಯೇ ಒಣಗಿತು. ಬನಿಯನ್ ಬಟ್ಟೆ ಎಳೆದು ಒರೆಸಿದೆವು. ಎಣ್ಣೆ ಹಾಕುವ ಮೊದಲೇ ಬೀದಿಯಲ್ಲಿ ಅಪ್ಪನ ಚಪ್ಪಲಿಯ ಸದ್ದು ಕೇಳಿತು.

ಮನೆ ಹೊತ್ತಿ ಉರಿಯುತ್ತದೆ ಎಂದುಕೊಂಡಿದ್ದೆ. ಅಪ್ಪ ಲಾಠಿಯನ್ನು ಮೂಲೆಗಿಟ್ಟು, ಅಮ್ಮನ ಕೈಯಲ್ಲಿದ್ದ ಕೋವಿಯನ್ನೂ ಕಲ್ಲಿನ ಮೇಲಿದ್ದ ಹುಣಸೆಯ ಚರಟವನ್ನೂ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಕೋವಿ ತೆಗೆದುಕೊಂಡು ಪಡುವಣದ ಬೆಳಕಿಗೆ ಹಿಡಿದು ಒಳಗೆ ನೋಡಿದ. ಬಹಳ ಹೊತ್ತು ನೋಡಿದ. ತಿರುಗಿಸಿ ಇನ್ನೊಂದು ಕಡೆಯಿಂದ ನೋಡಿದ. ಅಮ್ಮ ಹೇಳಿದಾಗ ನಂಬದ ತಾಮ್ರವನ್ನು ಅವ್ವ ಉಜ್ಜಿ ಬೆಳಗಿ ಅವನ ಕಣ್ಣಿಗೇ ಹಿಡಿದಿದ್ದಳು, ಇನ್ನು ಇಲ್ಲವೆನ್ನುವಂತಿರಲಿಲ್ಲ. ಅವನು ಹಾಗೆಯೇ ನೆಲದ ಮೇಲೆ ಕೂತುಬಿಟ್ಟ.

"ಇಷ್ಟೊಂದಾ?" ಎಂದ.

ಅವ್ವ ಹತ್ತಿರ ಬಂದು ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹುಣಸೆಯಿಂದ ಅವಳ ಬೆರಳುಗಳು ಸುಕ್ಕುಗಟ್ಟಿದ್ದವು.

"ಈ ಕೈ ಚೆನ್ನಾಗೈತೆ, ನನ್ ಕಣ್ಣೇ. ನಾನು ದಿನಾ ನೋಡ್ತಾ ಇದ್ದೀನಿ. ನಿಮ್ಮಪ್ಪನ ಕೈ ಹಂಗಲ್ಲ ಇದು. ಅವ್ರ ಕೈ ನಂಗೆ ಗೊತ್ತಿಲ್ವಾ?"

ಅಪ್ಪ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಅಮ್ಮ ನನ್ನನ್ನು ಒಳಗೆ ಕಳಿಸಿದಳು. ಹೋದಂತೆ ಮಾಡಿ ಬಾಗಿಲ ಹಿಂದೆ ನಿಂತೆ.

ಭಾನುವಾರ ಸೋದರಮಾವ ಬನಿಯನ್ ಗಂಟಿನ ನಡುವೆ ಗಾಜಿನ ಬಾಟಲಿ ಹುದುಗಿಸಿಕೊಂಡು ಬಂದ. ಬಸ್ಸಿನಲ್ಲಿ ಪಕ್ಕದವರೆಲ್ಲ ಸೀಟು ಬಿಟ್ಟು ಎದ್ದರಂತೆ, ಜೀವನದಲ್ಲಿ ಮೊದಲ ಸಲ ಕಾಲು ಚಾಚಿ ಬಂದೆ ಎಂದ. ಅವ್ವನ ಹುಣಸೆಯ ಕಥೆ ಕೇಳಿ ಬಿದ್ದು ಬಿದ್ದು ನಕ್ಕ. ಗಾಳಿ ಬೀಸುವ ದಿಕ್ಕು ನೋಡಿಕೊಂಡು ಹಿತ್ತಲಿನಲ್ಲಿ ಕೂತರು. ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು ಅಪ್ಪ ಹುರಿಗೆ ಬಟ್ಟೆಚೂರು ಸಿಕ್ಕಿಸಿ ಅಮೋನಿಯಾದಲ್ಲಿ ಅದ್ದಿ ನಳಿಗೆಯೊಳಗೆ ಎಳೆದ. ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆ ಎಳೆದ. ಬಿಳಿಯಾಗಿ ಒಳಹೋದ ಬನಿಯನ್ ಚೂರು ನವಿಲುಗರಿಯ ನೀಲಿಯಾಗಿ ಹೊರಬಂತು. ಕೆಂಪು ತಾಮ್ರ ಒಳಗಿದ್ದು, ಹೊರಗೆ ಬರುವಾಗ ನೀಲಿಯಾಗಿ ಬರುವುದು ಆ ವಯಸ್ಸಿನಲ್ಲಿ ನನಗೆ ಮಂತ್ರದಂತೆ ಕಂಡಿತ್ತು.

"ರಾಯಲ್ ಬ್ಲೂ," ಎಂದ ಮಾವ ಟವೆಲಿನ ಒಳಗಿಂದ. "ಈ ಶೇಡ್ ಬರ್ಲಿ ಅಂತ ನಮ್ಮ ಮಾಸ್ಟರ್ ಮೂರು ದಿನ ಒದ್ದಾಡ್ತಾರೆ. ಇನ್ನೊಂದು ಎಳೀರಿ ಭಾವ."

ಎಳೆದಂತೆಲ್ಲ ನೀಲಿ ಬಂತು. ನಾನು ಒಂದೊಂದನ್ನೂ ಒಗೆಯುವ ಕಲ್ಲಿನ ಮೇಲೆ ಹರಡಿದೆ. ಗಂಟು ಕರಗುತ್ತ ಬಂದಂತೆ ನೀಲಿಯೂ ತೆಳುವಾಯಿತು. ಆಕಾಶದ ಬಣ್ಣಕ್ಕೆ ಇಳಿಯಿತು, ನೀಲಿ ಹಾಕಿ ಒಗೆದ ಪಂಚೆಯ ಬಣ್ಣಕ್ಕೆ ಬಂತು. ಅಪ್ಪ ಪ್ರತಿ ಚೂರನ್ನೂ ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡುತ್ತಿದ್ದ. ಕೊನೆಗೊಂದು ಚೂರು ಹೇಗೆ ಹೋಯಿತೋ ಹಾಗೆಯೇ ಬಿಳಿಯಾಗಿ ಬಂತು. ಅವನು ಇನ್ನೊಂದನ್ನು ಎಳೆದ. ಅದೂ ಬಿಳಿ. ಅಮ್ಮ ಕುದಿನೀರು ತಂದು ಹೊಯ್ದಳು, ಅಪ್ಪ ಒರೆಸಿ ಎಣ್ಣೆ ಹಾಕುವ ಮೊದಲು ನಳಿಗೆಯನ್ನು ನನ್ನ ಕಣ್ಣಿಗೆ ತಾಗಿಸಿದ.

"ಏನ್ ಕಾಣ್ತದೆ ಅಮ್ಮಿಣಿ? ನನ್ನ ಖುಷಿಗೆ ಹೇಳ್ಬ್ಯಾಡ."

ಬೆಳ್ಳಿಯ ಥಳಕು ಇರಲಿಲ್ಲ. ಬೂದು ಬಣ್ಣದ ಉಕ್ಕು, ಅದರಲ್ಲಿ ಸುತ್ತಿಕೊಂಡು ಹೋದ ಚೂಪಾದ ಗೆರೆಗಳು, ಅಲ್ಲಲ್ಲಿ ಹಳೆಯ ಸವೆತ. ಹಾಗೆಯೇ ಹೇಳಿದೆ. ಅಪ್ಪ ತಲೆಯಾಡಿಸಿದ. ಅವ್ವ ಮಾತ್ರ ಒಳಗೆ ಇಣುಕಿ, ನಾನು ಬೆಳಗಿದಾಗ ಇನ್ನೂ ಚೆನ್ನಾಗಿತ್ತು ಎಂದು ಬೇಸರಪಟ್ಟುಕೊಂಡಳು.

ಮತ್ತೆ ಗುರಿ ತೋರಿಸುವ ದಿನಕ್ಕಾಗಿ ಮನೆಯವರೆಲ್ಲ ಕಾದೆವು. ಕೋವಿ ಶುದ್ಧವಾಗಿದೆ ಎನ್ನುವುದೇನೋ ಗೊತ್ತಾಗಿತ್ತು. ಕೈಯ ವಿಷಯ ಹಲಗೆಯ ಕಾಗದದ ಮೇಲೆ ತೀರ್ಮಾನವಾಗಬೇಕಿತ್ತು. ಅಪ್ಪ ಇನ್ನೂ ಲೋಟವನ್ನು ಎರಡು ಕೈಯಲ್ಲೇ ಹಿಡಿಯುತ್ತಿದ್ದ. ಆ ಬೆಳಗ್ಗೆ ಅವನು ತಿಂಡಿಗೆ ಮಾಡಿದ್ದ ಉಗ್ಗಾಣಿ ಮುಟ್ಟದೆ ಹೊರಟ. ಅಮ್ಮ ಮಗ್ಗಕ್ಕೆ ಇಳಿದಳಾದರೂ ಲಾಳಿಯ ಸದ್ದು ಆಗಾಗ ನಿಲ್ಲುತ್ತಿತ್ತು. ಅವ್ವ ಬೆಳಗಿ ಮುಗಿಸಿದ್ದ ಹಂಡೆಯನ್ನೇ ಮತ್ತೆ ಬೆಳಗಿದಳು. ಸಂಜೆ ಟೌನ್ ಬಸ್ಸು ಬಂದು ನಿಂತ ಸದ್ದು ಕೇಳಿ ನಾನು ಜಗಲಿಗೆ ಓಡಿದೆ. ಅಪ್ಪನ ಕೈಯಲ್ಲಿ ಲಾಠಿ ಇರಲಿಲ್ಲ, ಹೆಗಲಲ್ಲಿ ರೈಫಲ್ ಇತ್ತು. ನಡೆಯುವ ರೀತಿಯಲ್ಲೇ ಗೊತ್ತಾಯಿತು. ಆದರೂ ಅವನೇ ಹೇಳಲಿ ಎಂದು ಕಾದೆವು. ಅವನು ಒಳಗೆ ಬಂದು, ಮಗ್ಗದ ಪಕ್ಕ ನಿಂತು, ಬಲಗೈಯನ್ನು ಮುಷ್ಟಿ ಕಟ್ಟಿ ನಮ್ಮೆಲ್ಲರ ಎದುರು ಎತ್ತಿ ಹಿಡಿದ.

"ಐದು ಗುಂಡೂ ಈ ಮುಷ್ಟಿ ಅಗಲದೊಳ್ಗೆ," ಎಂದ. "ಸುಬೇದಾರ್ರು ಈ ಸಲ ಕೈ ನೋಡ್ಲಿಲ್ಲ. ತುಪಾಕಿ ಇಸ್ಕೊಂಡು ನಳಿಗೆ ನೋಡಿದ್ರು."

ಮುಷ್ಟಿ ಗಾಳಿಯಲ್ಲಿ ನಿಂತೇ ಇತ್ತು. ನಾವು ಮೂವರೂ ಅದನ್ನೇ ನೋಡಿದೆವು. ಅದು ಅಲ್ಲಾಡಲಿಲ್ಲ.

ನನ್ನ ಯೂನಿಟ್ಟಿನಲ್ಲಿ ಹೊಲಿಗೆ ವಕ್ರವಾದರೆ ಸೂಪರ್‌ವೈಸರ್ ಮೊದಲು ಟೈಲರಿನ ಮುಖ ನೋಡುತ್ತಾನೆ. ನಾನು ಮೊದಲು ಸೂಜಿ ನೋಡುತ್ತೇನೆ, ಆಮೇಲೆ ನೂಲಿನ ಬಿಗಿ, ಆಮೇಲೆ ಮಷೀನು. ಕೈಯ ವಿಷಯಕ್ಕೆ ಬರುವುದು ಎಲ್ಲಕ್ಕಿಂತ ಕಡೆಗೆ, ಬಂದರೂ ಎಲ್ಲರೆದುರು ಅಲ್ಲ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಆ ಮುಷ್ಟಿಯನ್ನು ನೋಡುತ್ತ ನಿಂತ ಹುಡುಗಿಗೆ ಅದು ತಾನಾಗಿ ಬಂದುಬಿಟ್ಟಿತು.

ಅಪ್ಪನ ದನಿ ಕೇಳಿ ತೊಟ್ಟಿಲಿನಲ್ಲಿ ತಮ್ಮ ಕೈಕಾಲು ಬಡಿಯತೊಡಗಿದ. ಗುಂಡು ಹಾರಿಸಿದ ಮೇಲೆ ಅಲ್ಲಿಯೇ ಕೂತು ಕೋವಿ ಒರೆಸಿ ಬಂದಿದ್ದರಿಂದ ಅಪ್ಪನ ಬೆರಳುಗಳು ಉಗುರಿನವರೆಗೂ ಕಪ್ಪಾಗಿದ್ದವು. ಅವನು ರೈಫಲ್ಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ನೇರವಾಗಿ ತೊಟ್ಟಿಲ ಕಡೆ ನಡೆದ. ಮಗುವಿಗೆ ಅಮ್ಮ ಆಗತಾನೆ ಮಾವ ತಂದ ಬನಿಯನ್ ಬಟ್ಟೆಯ ಬಿಳೀ ಅಂಗಿ ತೊಡಿಸಿದ್ದಳು.

"ಕೈಲಿ ಎಣ್ಣೆ ಐತೆ," ಎಂದಳು ಅಮ್ಮ ಈ ಸಲ.

"ಇರ್ಲಿ ಬಿಡು," ಎಂದ ಅಪ್ಪ.

ಎತ್ತಿದ, ಮೇಲಕ್ಕೆಸೆದ, ಹಿಡಿದ. ಮತ್ತೆ ಎಸೆದ, ಮತ್ತೆ ಹಿಡಿದ. ಮಗು ಉಸಿರುಗಟ್ಟುವಷ್ಟು ನಗುತ್ತಿತ್ತು, ಅವ್ವ ಬೈಯಲಿಲ್ಲ. ಕೊನೆಗೆ ಅಪ್ಪ ಅವನನ್ನು ಅಮ್ಮನ ತೊಡೆಗೆ ಕೊಟ್ಟಾಗ ಬಿಳಿ ಅಂಗಿಯ ಬೆನ್ನಿನ ಮೇಲೆ ನಾಲ್ಕು ಬೆರಳು, ಎದೆಯ ಮೇಲೆ ಹೆಬ್ಬೆರಳು, ಅಳಿಸದೆ ಅಲುಗದೆ ಸ್ಪಷ್ಟವಾಗಿ ಮೂಡಿದ್ದವು. ಅಮ್ಮ ನಗುತ್ತಲೇ ಅಂಗಿ ಬಿಚ್ಚಿ, ನೆನೆಹಾಕಲು ನನ್ನ ಕೈಗೆ ಕೊಟ್ಟಳು. ಅವ್ವ ನಡುವೆ ಬಂದು ಅದನ್ನು ನನ್ನಿಂದ ಇಸಿದುಕೊಂಡು, ಬೆಳಕಿಗೆ ಹಿಡಿದು, ಒಂದೊಂದು ಬೆರಳ ಗುರುತನ್ನೂ ನೋಡಿ ಮಡಿಚಿದಳು.

"ಇದನ್ನ ತೊಳೀಬ್ಯಾಡ," ಎಂದಳು.